ಫಿಗಾರೋನ ಮದುವೆ ಇವತ್ತಿಗೂ ಯಾಕೆ ಹೀಗೆ ಹಿಡಿದು ಕೂರಿಸುತ್ತೆ?

ಪ್ರಶ್ನೆ:
ಮೊಜಾರ್ಟ್‌ನ ಆಪೆರಾ (ಹಾಡಿನಲ್ಲೇ ನಡೆಯೋ ನಾಟಕ) ‘ಫಿಗಾರೋನ ಮದುವೆ’ ಮೊನ್ನೆ ಮೊದಲ ಸಲ ಪೂರ್ತಿ ನೋಡಿದೆ. ನನಗೆ ಇಟಾಲಿಯನ್ ಬರಲ್ಲ, ಸಬ್‌ಟೈಟಲ್ಲೇ ಗತಿ. ಎರಡನೇ ಅಂಕದಲ್ಲಿ ಯಾರು ಎಲ್ಲಿ ಬಚ್ಚಿಟ್ಟುಕೊಂಡಿದ್ದಾರೆ ಅಂತ ತಲೆ ಗಿರ್ರಂತು. ಆದರೂ ಕೊನೆಗೆ ಕಣ್ಣು ತುಂಬಿಬಂತು. 1786ರ ನಗೆನಾಟಕ ಇಷ್ಟು ತಟ್ಟೋದು ಹೇಗೆ?

ಉತ್ತರ 1:
ನನ್ನ ಮಟ್ಟಿಗೆ ಅದರ ಧೈರ್ಯ. ಇದರ ಮೂಲ ಬೋಮಾರ್ಶೆಯ ಫ್ರೆಂಚ್ ನಾಟಕ. ಅದನ್ನ ವಿಯೆನ್ನಾದಲ್ಲಿ ಆಡೋಕೆ ಚಕ್ರವರ್ತಿ ಎರಡನೇ ಜೋಸೆಫ್ ಬಿಟ್ಟಿರಲಿಲ್ಲ. ಡಾ ಪೊಂಟೆ ಖಾರದ ರಾಜಕೀಯ ಮಾತು ತೆಗೆದು ಆಪೆರಾಗೆ ಸಾಹಿತ್ಯ ಬರೆದ. ಹಾಗಿದ್ದೂ ಆಳುಗಳೇ ಒಡೆಯನಿಗಿಂತ ಜಾಣರು ಅನ್ನೋದು ಉಳಿದೇ ಉಳೀತು.

ಉತ್ತರ 2:
ನಿಮಗೆ ತಲೆ ಗಿರ್ರಂದ ಜಾಗವೇ ನನಗೆ ಪ್ರಾಣ. ಎರಡನೇ ಅಂಕದ ಕೊನೆಯಲ್ಲಿ ಸುಮಾರು 20 ನಿಮಿಷ ಸಂಗೀತ ನಿಲ್ಲೋದೇ ಇಲ್ಲ. ಇಬ್ಬರಿಂದ ಶುರುವಾಗಿ ಏಳು ಜನ ಹಾಡೋವರೆಗೂ ಬೆಳೆಯುತ್ತೆ. ಹೆಂಡತಿಯ ಪಕ್ಕದ ಕೋಣೆಯಲ್ಲಿ ಮನೆಯ ಊಳಿಗದ ಹುಡುಗ ಕೆರುಬಿನೊ ಬಚ್ಚಿಟ್ಟುಕೊಂಡಿದ್ದಾನೆ ಅಂತ ಮನೆಯ ಒಡೆಯ ಕೌಂಟ್ ಕತ್ತಿ ಹಿರಿದು ನಿಂತಿದ್ದಾನೆ. ಬಾಗಿಲು ತೆರೆದರೆ ಸೇವಕಿ ಸುಸಾನಾ, ಆಳು ಫಿಗಾರೋ ಮದುವೆ ಆಗಬೇಕಿರೋ ಹುಡುಗಿ! ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ವಾದ್ಯಗಳನ್ನೆಲ್ಲ ಒಟ್ಟಿಗೆ ಅಬ್ಬರಿಸಿಬಿಡ್ತಿದ್ದರು. ಮೊಜಾರ್ಟ್ ಎಲ್ಲವನ್ನೂ ತಗ್ಗಿಸಿ, ಮೆಲ್ಲಗೆ ಹೆಜ್ಜೆ ಹಾಕೋ ಒಂದು ಪುಟ್ಟ ನೃತ್ಯದ ನಡೆ ಕೊಟ್ಟಿದ್ದಾನೆ. ಅವನ ಹೆಂಡತಿ ಕೌಂಟೆಸ್ ಮುಖ ನೋಡಿ ಆಗ. ಒಳಗೆ ಹುಡುಗನೇ ಇದ್ದಾನೆ ಅಂತ ಅವಳೂ ನಂಬಿದ್ದಳು, ಅವನು ಕಿಟಕಿಯಿಂದ ಹಾರಿದ್ದು ಅವಳಿಗೆ ಗೊತ್ತಿಲ್ಲ. ಗಂಡನಷ್ಟೇ ಅವಳೂ ಬೆಪ್ಪಾಗಿ ನಿಂತಿರ್ತಾಳೆ.

ಇನ್ನು ನಿಮ್ಮ ಕಣ್ಣೀರಿನ ವಿಷಯ. ಕೊನೆಯಲ್ಲಿ ಕೌಂಟೆಸ್ ವೇಷದಲ್ಲಿರೋ ಸುಸಾನಾ ಫಿಗಾರೋ ಜೊತೆ ಸಿಕ್ಕಿಬೀಳ್ತಾಳೆ, ಹೆಂಡತಿಯೇ ಮೋಸ ಮಾಡಿದಳು ಅಂತ ಕೌಂಟ್ ಕೆರಳ್ತಾನೆ. ಎಲ್ಲರೂ ಕ್ಷಮಿಸಿ ಅಂತ ಬೇಡ್ತಾರೆ, ಕೌಂಟ್ ಇಲ್ಲ ಇಲ್ಲ ಅಂತ ಸಾಲಾಗಿ ತಳ್ಳಿಹಾಕ್ತಾನೆ. ಆಮೇಲೆ ಸುಸಾನಾಳ ವೇಷದಲ್ಲಿದ್ದ ನಿಜವಾದ ಕೌಂಟೆಸ್ ಎದುರಿಗೆ ಬಂದಾಗ, ಸುಸಾನಾ ಅಂತ ತಾನು ಓಲೈಸಿದ್ದು ಸ್ವಂತ ಹೆಂಡತಿಯನ್ನೇ ಅಂತ ಗೊತ್ತಾಗಿ ತಾನೇ ಮಂಡಿಯೂರಿ ಕ್ಷಮೆ ಕೇಳ್ತಾನೆ. ಅವಳು ಅನ್ನೋದು ಇಷ್ಟೇ: ನಿಮಗಿಂತ ನನ್ನ ಮನಸ್ಸು ಮೆದು, ಹೂಂ ಅಂತೀನಿ. ಆ ರಾಗವನ್ನೇ ಉಳಿದವರೆಲ್ಲ ಮೆತ್ತಗೆ ಎತ್ತಿಕೊಳ್ತಾರೆ. ನಾನು ಅಕ್ಕನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ಕಾಲದಲ್ಲಿ ಇದನ್ನ ಮೊದಲ ಸಲ ಕೇಳಿದ್ದು. ಆ ‘ಹೂಂ’ ಮುಗಿದಮೇಲೆ ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ಕೂತಿದ್ದೆ. ಅವತ್ತೇ ರಾತ್ರಿ ಅವಳಿಗೆ ಫೋನ್ ಮಾಡಿದೆ.

ಪ್ರಶ್ನೆ ಕೇಳಿದವರು:
ಬಾಗಿಲು ತೆರೆಯೋ ಜಾಗ ಈಗ ಮತ್ತೆ ಹಾಕಿ ಕೇಳಿದೆ. ಹೌದು, ಎಲ್ಲ ತಣ್ಣಗಾಗುತ್ತೆ! ನಾನು ಆಗ ಸಬ್‌ಟೈಟಲ್ ಓದ್ತಾ ಕೂತಿದ್ದೆ. ಹೀಗೆ ಇನ್ನೇನು ಬಿಟ್ಟಿರಬಹುದು?

ಉತ್ತರ 2:
ನಾಲ್ಕನೇ ಅಂಕದ ಶುರು. ತೋಟದ ಮಾಲಿಯ ಮಗಳು ಬಾರ್ಬರಿನಾ ಕತ್ತಲಲ್ಲಿ ಕಳೆದುಹೋದ ಗುಂಡುಸೂಜಿ ಹುಡುಕ್ತಾಳೆ. ಎರಡು ನಿಮಿಷವೂ ಇಲ್ಲದ ಹಾಡು. ಇಡೀ ಆಪೆರಾದಲ್ಲಿ ಒಬ್ಬರೇ ಹಾಡೋ ಹಾಡುಗಳಲ್ಲಿ ದುಃಖದ ಛಾಯೆಯ ಮೈನರ್ ಸ್ಕೇಲ್‌ನಲ್ಲಿರೋದು ಇದೊಂದೇ. ಹೋಗಿದ್ದು ಒಂದು ಸೂಜಿ, ಆ ಹುಡುಗಿಗೆ ಮಾತ್ರ ಆಕಾಶವೇ ಕಳಚಿಬಿದ್ದಷ್ಟು ದುಃಖ. ವಿಯೆನ್ನಾದ ಮೊದಲ ಪ್ರದರ್ಶನದಲ್ಲಿ ಅದನ್ನ ಹಾಡಿದ ಅನ್ನಾ ಗೊಟ್ಲೀಬ್‌ಗೆ ಆಗ 12 ವರ್ಷ. ಕಣ್ಣು ಮುಚ್ಚಿಕೊಂಡು ಕೇಳಿ.