ಸ್ಮಾರ್ಟ್‌ಸ್ಕ್ರೀನ್: ಕಾವಲೋ, ಕಾಟವೋ?

ಶಿಡ್ಲಘಟ್ಟ ಗೂಡುಲೆಕ್ಕ: ರೇಷ್ಮೆ ಗೂಡಿಂದ ನೂಲು ತೆಗೆಯೋ ರೀಲರ್‌ಗಳಿಗೆ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಬರೆದಿದೀನಿ. ಲಾಟ್ ನಂಬರು, ಗೂಡಿನ ತೂಕ, ಹರಾಜಿನ ದರ, ಕೊನೇಲಿ ರೆಂಡಿಟ್ಟ, ಅಂದ್ರೆ ಒಂದು ಕೆಜಿ ರೇಷ್ಮೆಗೆ ಎಷ್ಟು ಕೆಜಿ ಗೂಡು ಬೇಕಾಯ್ತು ಅನ್ನೋದು. ಅಷ್ಟೇ. ಇಳಿಸ್ಕೊಂಡು ಡಬಲ್ ಕ್ಲಿಕ್ ಮಾಡಿದ್ರೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್‌ನ ನೀಲಿ ಪೆಟ್ಟಿಗೆ ಎದುರಿಗೆ ನಿಲ್ಲತ್ತೆ. ಕಣ್ಣಿಗೆ ಬೀಳೋ ಬಟನ್ 'ಡೋಂಟ್ ರನ್' ಒಂದೇ. 'ಮೋರ್ ಇನ್ಫೋ' ಒತ್ತಿದ ಮೇಲೆ ತಾನೇ 'ರನ್ ಎನಿವೇ' ಬರೋದು? ಅಷ್ಟರಲ್ಲಿ ಗಿರಾಕಿ ಫೋನ್ ಮಾಡಿ 'ವೈರಸ್ ಕಳಿಸಿದೀಯಲ್ಲಪ್ಪಾ' ಅಂತಾನೆ. ಏನೂ ವಿಚಾರಿಸದೆ ನನ್ನನ್ನ ಕಳ್ಳ ಅನ್ನೋಕೆ ಇವ್ರ್ಯಾರು?

ಕ್ಯಾತ್ಸಂದ್ರ ಅಡ್ಮಿನ್: 'ಕಳ್ಳ' ಅಂತ ಎಲ್ಲಿದೆ ತೋರ್ಸಿ. 'ಅನ್‌ರೆಕಗ್ನೈಸ್ಡ್ ಆಪ್' ಅಂತ ಇರೋದು. ಬರೆದವ್ರು ಯಾರು ಅಂತ ತೋರ್ಸೋ ಡಿಜಿಟಲ್ ಸಹಿ ಇಲ್ಲ, ಹೆಚ್ಚು ಜನ ಇಳಿಸ್ಕೊಂಡಿಲ್ಲ, ಹಾಗಾಗಿ ಪರಿಚಯ ಇಲ್ಲ. ಹೊಸಬರಿಗೆ ಮನೆ ಬಾಡಿಗೆ ಕೊಡೋ ಮುಂಚೆ ನಾವು ನಾಲ್ಕು ಕಡೆ ವಿಚಾರಿಸಲ್ವಾ? ಸರ್ಟಿಫಿಕೇಟ್ ತಗೊಂಡು ಸಹಿ ಹಾಕಿ, ಮುಗೀತು.

ಶಿಡ್ಲಘಟ್ಟ ಗೂಡುಲೆಕ್ಕ: 'ಮುಗೀತು' ಅಂತೆ! 2023ರ ಜೂನ್‌ನಿಂದ ಸಹಿ ಹಾಕೋ ಗುಟ್ಟಿನ ಕೀ ಹಾರ್ಡ್‌ವೇರ್ ಟೋಕನ್‌ನಂಥ ಬೇರೆ ಸಾಧನದಲ್ಲೇ ಇರ್ಬೇಕು. ಹೆಚ್ಚು ತಪಾಸಣೆ ಮಾಡಿ ಕೊಡೋ ದುಬಾರಿ ಇವಿ ಸರ್ಟಿಫಿಕೇಟ್ ಇದ್ರೆ ಸ್ಮಾರ್ಟ್‌ಸ್ಕ್ರೀನ್ ಮುಂಚೆ ತಕ್ಷಣ ಬಿಡ್ತಿತ್ತು, 2024ರಿಂದ ಅದೂ ಹೋಯ್ತು. ಎಚ್ಚರಿಕೆ ನೋಡಿ ಜನ ಇಳಿಸ್ಕೊಳಲ್ಲ, ಜನ ಇಳಿಸ್ಕೊಳ್ದೆ ಎಚ್ಚರಿಕೆ ಹೋಗಲ್ಲ.

ಬಿ.ಎಚ್. ರೋಡ್ ಡಿಟಿಪಿ: ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಬೇಡಿ. ಪೆನ್‌ಡ್ರೈವ್‌ನಲ್ಲಿ ಹಾಕ್ಕೊಡಿ, ಒಂದು ಮೆಸೇಜೂ ಬರಲ್ಲ. ಅಂದ್ರೆ ಪೆನ್‌ಡ್ರೈವ್ ಸೇಫ್ ಅಂತ ವಿಂಡೋಸೇ ಒಪ್ಕೊಂಡಂಗಾಯ್ತಲ್ಲ!

ಕ್ಯಾತ್ಸಂದ್ರ ಅಡ್ಮಿನ್: ಪೆನ್‌ಡ್ರೈವ್ ಸೇಫಾ?! ಸ್ವಾಮಿ, ಬ್ರೌಸರ್ ಫೈಲ್ ಇಳಿಸಿದಾಗ ಅದ್ರ ಜೊತೆ 'ಜೋನ್.ಐಡೆಂಟಿಫೈಯರ್' ಅಂತ ಒಂದು ಗುರುತು ಸೇರಿಸತ್ತೆ. ಒಳಗೆ 'ಜೋನ್‌ಐಡಿ=3' ಅಂತಿರತ್ತೆ, ಅಂದ್ರೆ ಇಂಟರ್ನೆಟ್‌ನಿಂದ ಬಂದಿದ್ದು. ಆ ಗುರುತು ನೋಡಿಯೇ ಎಚ್ಚರಿಕೆ ಬರೋದು. ಅದು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್‌ನಲ್ಲಿ ಉಳಿಯತ್ತೆ, ನಿಮ್ಮ ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ರೆ ಉದುರಿಹೋಗತ್ತೆ. ವಿಂಡೋಸ್ ಏನೂ ಒಪ್ಕೊಂಡಿಲ್ಲ, ಅದಕ್ಕೆ ಗೊತ್ತೇ ಆಗಿಲ್ಲ.

ಬಿ.ಎಚ್. ರೋಡ್ ಡಿಟಿಪಿ: ನಂದು ಫ್ಯಾಟ್32 ಅಂತ ಯಾರು ಹೇಳಿದ್ರು ನಿಮಗೆ? 128 ಜಿಬಿ ಡ್ರೈವು, ಎಕ್ಸ್‌ಫ್ಯಾಟು.

ಕ್ಯಾತ್ಸಂದ್ರ ಅಡ್ಮಿನ್: ಎಕ್ಸ್‌ಫ್ಯಾಟ್‌ನಲ್ಲೂ ನಿಲ್ಲಲ್ಲ.

ಬಿ.ಎಚ್. ರೋಡ್ ಡಿಟಿಪಿ: ಆಗ ಫ್ಯಾಟ್32, ಈಗ ಎಕ್ಸ್‌ಫ್ಯಾಟು. ಮಾತು ಬದಲಾಯಿಸೋರ ಹತ್ರ ಏನು ವಾದ ಮಾಡೋದು?

ಮಾಲೂರು ಮ್ಯಾಕ್: ಇದಕ್ಕೇ ಮ್ಯಾಕ್ ತಗೊಳ್ಳಿ ಅನ್ನೋದು. ಅಲ್ಲಿ ಇದೇ ಕಾವಲು ಕೆಲಸ ಮಾಡೋ ಗೇಟ್‌ಕೀಪರ್ 2012ರಿಂದ ಇದೆ. 2019ರಲ್ಲಿ ಕ್ಯಾಟಲಿನಾ ಆವೃತ್ತಿ ಬಂದ್ಮೇಲೆ ನೋಟರೈಸೇಶನ್ನೂ, ಅಂದ್ರೆ ಆಪನ್ನ ಮೊದ್ಲೇ ಆಪಲ್‌ಗೆ ಕಳಿಸಿ ಸ್ಕ್ಯಾನ್ ಮಾಡಿಸೋದೂ, ಕಡ್ಡಾಯ ಆಯ್ತು. ಆಪಲ್ ಸ್ಕ್ಯಾನ್ ಮಾಡಿದ ಆಪ್ ಆದ್ರೆ ತಕರಾರಿಲ್ದೆ ತೆರೆಯತ್ತೆ.

ಶಿಡ್ಲಘಟ್ಟ ಗೂಡುಲೆಕ್ಕ: ಆ 'ಸ್ಕ್ಯಾನ್'ಗೆ ವರ್ಷಕ್ಕೆ 99 ಡಾಲರ್ ಕಟ್ಬೇಕು ಅನ್ನೋದನ್ನ ಯಾಕೆ ನುಂಗಿದ್ರಿ? ಕಟ್ಟದವ್ರಿಗೆ ಕಂಟ್ರೋಲ್ ಒತ್ತಿ ತೆರೆಯೋ ದಾರಿ ಇತ್ತು, 2024ರ ಸಿಕೋಯಾ ಆವೃತ್ತಿಯಲ್ಲಿ ಅದನ್ನೂ ಮುಚ್ಚಿದ್ರು. ಈಗ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕ್ಬೇಕು. ಪುಕ್ಕಟೆ ಕೊಡೋ ಸಾಫ್ಟ್‌ವೇರ್‌ಗೆ ನಾನ್ಯಾಕೆ ಡಾಲರ್ ಕಟ್ಲಿ?

ಮಾಲೂರು ಮ್ಯಾಕ್: ಪುಕ್ಕಟೆನಾ? 'ಗಿರಾಕಿ' ಅಂತ ಬರೆದಿದ್ದು ನೀವೇ.

ಬಂಗಾರಪೇಟೆ ಮಂಡಿ: ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ 2017ರ ವನ್ನಾಕ್ರೈ ಎಲ್ಲಾ ಮರೆತ್ರಾ? ಇಂಥ ಎಚ್ಚರಿಕೆಗೆ ಬೆಲೆ ಕೊಡ್ದೆ ಆಗಿದ್ದು ಅದು.

ಬಿ.ಎಚ್. ರೋಡ್ ಡಿಟಿಪಿ: ವನ್ನಾಕ್ರೈ ನೆಟ್‌ವರ್ಕ್‌ನಲ್ಲಿ ಹರಡಿದ್ದು. ಪೆನ್‌ಡ್ರೈವ್ ಅಲ್ಲ. ನಾನು ಹೇಳಿದ್ದೇ ಸರಿ ಆಯ್ತು ನೋಡಿ.

ಕ್ಯಾತ್ಸಂದ್ರ ಅಡ್ಮಿನ್: ಇರಾನ್‌ನ ಅಣು ಘಟಕಕ್ಕೆ ನುಗ್ಗಿ 2010ರಲ್ಲಿ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ಮಾಲ್‌ವೇರ್ ಯಾವುದ್ರಲ್ಲಿ ಹರಡಿತ್ತು? ಪೆನ್‌ಡ್ರೈವ್‌ನಲ್ಲಿ!

ಬಿ.ಎಚ್. ರೋಡ್ ಡಿಟಿಪಿ: ಅದು ಇರಾನ್. ಇದು ತುಮಕೂರು.

ಶಿಡ್ಲಘಟ್ಟ ಗೂಡುಲೆಕ್ಕ: ಸ್ಟಕ್ಸ್‌ನೆಟ್ ಹೆಸರು ಎತ್ತಿದ್ದು ಒಳ್ಳೇದೇ ಆಯ್ತು. ಅದ್ರ ಡ್ರೈವರ್‌ಗೆ ಸಹಿ ಇತ್ತು, ರಿಯಲ್‌ಟೆಕ್‌ನ ಕದ್ದ ಸರ್ಟಿಫಿಕೇಟಿಂದ. 2017ರಲ್ಲಿ ಸಿಸ್ಟಂ ಕ್ಲೀನ್ ಮಾಡೋ ಸಿಕ್ಲೀನರ್ 5.33 ಸಹಿ ಸಮೇತವೇ ಮಾಲ್‌ವೇರ್ ಹೊತ್ಕೊಂಡು ಬಂತು. ಸಹಿ ಇರೋ ಕಳ್ಳನಿಗೆ ಬಾಗಿಲು ತೆರೆದು, ರೇಷ್ಮೆ ಲೆಕ್ಕವನ್ನ ಹೊರಗೆ ನಿಲ್ಲಿಸ್ತಾರೆ.

ಕ್ಯಾತ್ಸಂದ್ರ ಅಡ್ಮಿನ್: ಆ ಕದ್ದ ಸರ್ಟಿಫಿಕೇಟನ್ನ ಆಮೇಲೆ ರದ್ದು ಮಾಡಿದ್ರು. ಸಹಿನೇ ಇಲ್ದಿದ್ರೆ ಏನನ್ನ ರದ್ದು ಮಾಡ್ತಿದ್ರಿ?

ಶಿಡ್ಲಘಟ್ಟ ಗೂಡುಲೆಕ್ಕ: 'ಆಮೇಲೆ' ಅಂತ ನೀವೇ ಹೇಳ್ತಿದೀರಿ. ಮನೆ ದೋಚಿದ ಮೇಲೆ ಬೀಗ.

ಗೌರಿಬಿದನೂರು ಓದುಗ: ಜಗಳ ಆಮೇಲೆ ಆಡಿ. ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ 'ಅನ್‌ಬ್ಲಾಕ್' ಟಿಕ್. ಜಿಪ್ ಆದ್ರೆ ಬಿಡಿಸೋ ಮುಂಚೆ ಜಿಪ್‌ಗೇ ಟಿಕ್ ಹಾಕ್ಬೇಕು, ಇಲ್ದಿದ್ರೆ ಗುರುತು ಒಳಗಿನ ಫೈಲ್‌ಗಳಿಗೂ ಅಂಟತ್ತೆ. ಯಾರು ಕಳಿಸಿದ್ದು ಅಂತ ಗೊತ್ತಿದ್ರೆ ಮಾತ್ರ ಇದನ್ನ ಮಾಡಿ. ಸ್ಮಾರ್ಟ್‌ಸ್ಕ್ರೀನನ್ನೇ ಆಫ್ ಮಾಡಿ ಅಂತ ಯಾರಿಗೂ ಹೇಳ್ಬೇಡಿ.

ಬಿ.ಎಚ್. ರೋಡ್ ಡಿಟಿಪಿ: 'ಆಫ್' ಮಾಡಿ ಅಂತ ಇಲ್ಲಿ ಯಾರು ಹೇಳಿದ್ರು? ನಮ್ಮ ಅಂಗಡೀಲಿ ಎಲ್ಲಾ ಸಿಸ್ಟಂಗೂ ಮೊದ್ಲಿಂದ ಆಫೇ ಇದೆ.

ಕ್ಯಾತ್ಸಂದ್ರ ಅಡ್ಮಿನ್: ಆಫ್ ಇದೆಯಾ?! ಹಾಗಾದ್ರೆ ಪೆನ್‌ಡ್ರೈವ್‌ನಿಂದ ಹಾಕಿದ್ರೆ ಮೆಸೇಜ್ ಬರಲ್ಲ ಅಂತ ಇಷ್ಟೊತ್ತು ಯಾವ ಸಿಸ್ಟಂ ನೋಡ್ಕೊಂಡು ವಾದ ಮಾಡಿದ್ರಿ?

ಬಿ.ಎಚ್. ರೋಡ್ ಡಿಟಿಪಿ: ಗಿರಾಕಿಗಳದ್ದು. ಅವ್ರೂ ವಿಂಡೋಸ್ ಹಾಕಿಸಿರೋದು ನಮ್ಮತ್ರಾನೇ.