ಕಾಲೇಜು, ಕಂಪನಿ, ಸರ್ಕಾರ ಸೇರಿ ಮಾಡಿದ್ದು ಯಾರಿಗೆ ಸೇರುತ್ತೆ? ಪೇಟೆಂಟ್ ಏಜೆಂಟ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಕಾಲೇಜು, ಕಾರ್ಖಾನೆ, ಸರ್ಕಾರ ಕೈಜೋಡಿಸಿ ಹೊಸದು ಮಾಡಿದಾಗ ಪೇಟೆಂಟ್, ಅಂದರೆ ಹೊಸದಾಗಿ ಕಂಡುಹಿಡಿದದ್ದರ ಮೇಲೆ ಸರ್ಕಾರ ಕೊಡುವ ಹಕ್ಕು, ಯಾರದು ಅಂತ ನಮ್ಮ ಗ್ರೂಪಿನಲ್ಲಿ ತುಂಬಾ ಜನ ಕೇಳ್ತಾ ಇದ್ದರು. ಮೇಡಂ ಇವತ್ತು ಉತ್ತರಿಸುತ್ತಾರೆ.

ಕುವೆಂಪುನಗರ: ಪೇಟೆಂಟಿಗೆ ಎಷ್ಟು ಖರ್ಚು ಮೇಡಂ?

ಮೇಡಂ: ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 1,600 ರೂಪಾಯಿ, ಆಮೇಲೆ ಪೇಟೆಂಟ್ ಕಚೇರಿ ಅದನ್ನು ಪರೀಕ್ಷಿಸೋದಕ್ಕೆ 4,000. ಅರ್ಜಿ ಬರೆದುಕೊಡುವವರ ಫೀಸು ಬೇರೆ.

ಪಾಂಡವಪುರ ಹುಡುಗ: ಮೇಡಂ, ನಾವು ಮೂವರು ಇಂಜಿನಿಯರಿಂಗ್ ಫೈನಲ್ ಇಯರ್. ಬೆಲ್ಲದ ಪಾಕ ಹದಕ್ಕೆ ಬಂದಾಗ ಗಂಟೆ ಹೊಡೆಯುವ ಉಪಕರಣ ಮಾಡಿದ್ದೀವಿ. ನಮ್ಮ ಮಾವನ ಆಲೆಮನೆಯಲ್ಲಿ ಮೂರು ವಾರ ಕೂತು ಮಾಡಿದ್ದು. ಮಾವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ. ನಾವು ಬಿಸಿ, ಗಟ್ಟಿತನ ಎರಡನ್ನೂ ಅಳೀತೀವಿ. ಕಾಲೇಜು ಮೇಳದಲ್ಲಿ ತೋರಿಸಿದ ಮೇಲೆ ಒಂದು ಕಂಪನಿಯವರು ಕಾಗದ ಕಳಿಸಿದ್ದಾರೆ. ನಾಡಿದ್ದು ಸೋಮವಾರ ಸಹಿ ಅಂತೆ.

ಮೇಡಂ: ಸಹಿ ಹಾಕಬೇಡಿ. ಮೇಳದಲ್ಲಿ ಉಪಕರಣದ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನದನ್ನು ತೋರಿಸಿದ್ರಾ?

ಪಾಂಡವಪುರ ಹುಡುಗ: ಮೇಳದಲ್ಲಿ ಇಲ್ಲ. ಯೂಟ್ಯೂಬ್ ವಿಡಿಯೋ ಕೊನೆಯಲ್ಲಿ ತೆಗೆದಿದ್ದೀವಿ. ಕಾಗದದಲ್ಲಿ "ಮುಂದಿನ ಸುಧಾರಣೆಗಳೂ ಕಂಪನಿಗೆ" ಅಂತಿದೆ.

ಚಾಮುಂಡಿಪುರಂ: ಹೆದರಬೇಡಪ್ಪ. ಐಡಿಯಾ ಬರೆದು ನಿನ್ನ ಅಡ್ರೆಸ್ಸಿಗೇ ರಿಜಿಸ್ಟರ್ ಪೋಸ್ಟ್ ಮಾಡು, ಕವರ್ ಒಡೀಬೇಡ. ಅದೇ ಪೇಟೆಂಟ್. ಫಾರ್ವರ್ಡ್ ಬಂದಿತ್ತು.

ಮೇಡಂ: ದಯವಿಟ್ಟು ಇದನ್ನು ಹಂಚಬೇಡಿ. ಆ ಕವರ್‌ನಿಂದ ಯಾವ ಹಕ್ಕೂ ಬರೋದಿಲ್ಲ. ಅರ್ಜಿ ಹಾಕಿದ ತಾರೀಖೇ ಲೆಕ್ಕ.

ಹುಡುಗಾ, ನಿನ್ನ ವಿಷಯ ನನಗೆ ಚಿಂತೆ ತಂದಿದೆ. ಅರ್ಜಿಗೆ ಮೊದಲೇ ಬಯಲಾದದ್ದು ಹೊಸದಲ್ಲ ಅನ್ನುತ್ತೆ ಕಾನೂನು. 12 ತಿಂಗಳ ರಿಯಾಯಿತಿ ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನದಂಥ ಕೆಲವಕ್ಕೆ ಮಾತ್ರ, ಕಾಲೇಜು ಮೇಳಕ್ಕೂ ನಿಮ್ಮ ವಿಡಿಯೋಗೂ ಸಿಗೋದು ಕಷ್ಟ. ಹಾಗಾಗಿ ವಿಡಿಯೋದಲ್ಲಿ ಕಂಡದ್ದು ಹೋಯಿತು ಅಂದುಕೋ. ವಿಡಿಯೋದಲ್ಲಿ ಹೇಳದೇ ಉಳಿದದ್ದು ಏನಿದೆ?

ಪಾಂಡವಪುರ ಹುಡುಗ: ಅಳೆಯುವ ಕಡ್ಡಿಯನ್ನು ಕೊಪ್ಪರಿಗೆಯಲ್ಲಿ ಎಲ್ಲಿ, ಎಷ್ಟು ಆಳಕ್ಕೆ ಇಳಿಬಿಡಬೇಕು ಅನ್ನೋದನ್ನ ಹೇಳಿಲ್ಲ. ಅದು ಮಾವ ಹೇಳಿಕೊಟ್ಟದ್ದು.

ಮೇಡಂ: ಹಾಗಾದರೆ ಜೀವ ಅಲ್ಲೇ ಇದೆ! ಅದನ್ನೇ ಬರೆದು ಈ ವಾರವೇ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ, ಪೂರ್ತಿ ವಿವರಕ್ಕೆ 12 ತಿಂಗಳು ಸಿಗುತ್ತೆ. ಸುಮ್ನೆ ಜಾಗ ಕೊಟ್ಟವರು ಇನ್ವೆಂಟರ್ ಆಗಲ್ಲ, ಆದರೆ ಮುಖ್ಯ ಯೋಚನೆ ಮಾವನದೇ ಆದರೆ ಅವರ ಹೆಸರೂ ಇರಲೇಬೇಕು. ಬಿಟ್ಟರೆ ನಾಳೆ ಪೇಟೆಂಟೇ ರದ್ದಾಗಬಹುದು. ಪೇಟೆಂಟ್ ಜಂಟಿಯಾಗಿದ್ದು ಬೇರೆ ಒಪ್ಪಂದ ಇಲ್ಲದಿದ್ದರೆ ಎಲ್ಲರಿಗೂ ಸಮಪಾಲು, ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬರೇ ಲೈಸೆನ್ಸ್ ಕೊಡೋ ಹಾಗಿಲ್ಲ. ಕಾಲೇಜಿನ ಐಪಿ ನಿಯಮ, ಅಂದರೆ ಅಲ್ಲಿ ಕಂಡುಹಿಡಿದದ್ದರ ಹಕ್ಕು ಯಾರಿಗೆ ಅನ್ನೋ ನಿಯಮ ಓದಿ, ಅಡ್ಮಿಷನ್‌ನಲ್ಲೇ ಸಹಿ ಮಾಡಿಸಿಕೊಂಡಿರಬಹುದು. ಇಷ್ಟೂ ಮುಗಿದ ಮೇಲೆ ಕಂಪನಿ ಜೊತೆ ಮಾತು.

ಮದ್ದೂರು: ಸರ್ಕಾರ, ಲ್ಯಾಬು, ಕಂಪನಿ ಸೇರಿದರೆ ಫೋಟೋ ಮಾತ್ರ. ಎಂಒಯು, ಅಂದರೆ ಒಡಂಬಡಿಕೆ ಅಂತ ಶಾಲು ಹೊದಿಸ್ತಾರೆ, ಆಮೇಲೆ ಯಾರೂ ಕಾಣಲ್ಲ.

ಸರಸ್ವತಿಪುರಂ: ನೀವು ಓಟು ಹಾಕಿದ ಬೆರಳು ನೋಡಿಕೊಳ್ಳಿ. ಆ ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು, ಲೈಸೆನ್ಸ್ ಕೊಟ್ಟದ್ದು ಎನ್‌ಆರ್‌ಡಿಸಿ, ಅಂದರೆ ಲ್ಯಾಬಿನ ಸಂಶೋಧನೆಯನ್ನು ಕಾರ್ಖಾನೆಗಳಿಗೆ ತಲುಪಿಸುವ ಕೇಂದ್ರ ಸರ್ಕಾರದ ನಿಗಮ. ತಯಾರಿ ನಮ್ಮ ಮೈಸೂರು ಪೇಂಟ್ಸ್‌ನಲ್ಲಿ, ಅದು ರಾಜ್ಯ ಸರ್ಕಾರದ ಕಾರ್ಖಾನೆ. 1962ರ ಚುನಾವಣೆಯಿಂದ ನಡೀತಿದೆ.

ಮದ್ದೂರು: 1962ರದ್ದು ಹೇಳ್ತೀರಲ್ಲ. ಈಗಿನದು ಹೇಳಿ. ಮಂಡ್ಯದ ರೈತನಿಗೆ ಏನು ಬಂತು?

ಸರಸ್ವತಿಪುರಂ: ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಮಾತು ತಿರುಗಿಸಬೇಡಿ.

ಮದ್ದೂರು: ಮೈಸೂರಿನವರು ಎಲ್ಲಾ ನಿಮ್ಮದೇ ಅಂತೀರಿ.

ಕೆ.ಆರ್. ಪೇಟೆ: ಮೇಡಂ, ಪ್ರೊಫೆಸರ್ ನಮ್ಮ ಕಂಪನಿಯಲ್ಲಿ ಪಾಲುದಾರ ಆಗಬಹುದಾ?

ವಿಜಯನಗರ: ಒಟ್ಟು ಖರ್ಚು ಎಷ್ಟಾಗುತ್ತೆ ಮೇಡಂ?

ಮೇಡಂ: ಮೊದಲ ಉತ್ತರ ಓದಿ.

ಚಾಮುಂಡಿಪುರಂ: ಪೋಸ್ಟ್ ಬೇಡ ಅಂದ್ರೆ ನೋಟರಿ ಸಾಕಾ?

ಮೇಡಂ: ಸಾಲದು. ನೋಟರಿ ಪೇಟೆಂಟ್ ಕೊಡಲ್ಲ. ಮತ್ತೆ ಇದೇ ಕೇಳಿದರೆ ಉತ್ತರಿಸಲ್ಲ.

ಪಾಂಡವಪುರ ಹುಡುಗ: ಮೇಡಂ, ಕಡ್ಡಿ ಇಳಿಬಿಡುವ ಡ್ರಾಯಿಂಗ್ ರೆಡಿ ಇದೆ, ಇಲ್ಲೇ ಹಾಕಿಬಿಡ್ತೀನಿ, ನೋಡಿ.

ಮೇಡಂ: ಅಯ್ಯೋ ಬೇಡಪ್ಪ! ಇಷ್ಟು ಜನರಿರುವ ಗ್ರೂಪಿಗೆ ಹಾಕಿದರೆ ಅದೂ ಬಯಲಾದ ಹಾಗೇ. ಅದನ್ನು ಮನೆಯಲ್ಲೇ ಇಟ್ಟುಕೊಂಡು ಕಂಪನಿ ಕಾಗದ ಮಾತ್ರ ನನಗೆ ಪ್ರತ್ಯೇಕವಾಗಿ ಕಳಿಸು, ರಾತ್ರಿ ಓದಿ ಹೇಳ್ತೀನಿ.