ಗುಜರಿಯಲ್ಲಿ ಸಿಕ್ಕ ಹಳೇ ವಿಮಾನದ ಕಾಲು: ಸರಿ ಮಾಡಿಸುವಷ್ಟು ಯೋಗ್ಯವಾ?

ಪ್ರಶ್ನೆ: ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಹಳೇ ವಿಮಾನದ ಲ್ಯಾಂಡಿಂಗ್ ಗೇರ್ ಬಿದ್ದಿದೆ. ಒಂದೇ ಕಾಲು, ಗಾಲಿ, ಟೈರು ಸಮೇತ. "ಎಚ್‌ಟಿ-2 ದು ಸಾರ್" ಅಂತಾರೆ ಅಂಗಡಿಯವರು. ಪಿಸ್ಟನ್ ಅರ್ಧಕ್ಕೆ ನಿಂತಿದೆ, ಗಾಲಿ ಮೇಲೆ ಬಿಳಿ ಪುಡಿ ಎದ್ದಿದೆ. ತಗೊಂಡು ಸರಿ ಮಾಡಿಸಬಹುದಾ, ಇಲ್ಲಾ ಸುಮ್ನೆ ದುಡ್ಡು ದಂಡವಾ? ಇಂಥದ್ದಕ್ಕೆ ಕೈ ಹಾಕಿದವರು ಹೇಳಿ.

ಹಳೇ ಫಿಟ್ಟರ್: ಮೊದಲು ಅದು ಎಚ್‌ಟಿ-2 ದೇನಾ ಅಂತ ನೋಡಿ ಸಾರ್. 1951ರಲ್ಲಿ ಮೊದಲು ಹಾರಿದ ಆ ತರಬೇತಿ ವಿಮಾನದ ಕಾಲು ಮಡಚುವುದೇ ಇಲ್ಲ, ಯಾವಾಗಲೂ ಕೆಳಗೇ ಇರುತ್ತದೆ. ನಿಮ್ಮದರ ಮೇಲ್ತುದಿಯಲ್ಲಿ ತಿರುಗುವ ಹಿಂಜ್, ಪಕ್ಕದಲ್ಲಿ ಕಾಲು ಮಡಚುವ ಜಾಕ್ ಕೂರಿಸುವ ಕಿವಿ ಇದ್ದರೆ ಅದು ಬೇರೆ ವಿಮಾನದ್ದು. ಕಿರಣ್ ತರಬೇತಿ ಜೆಟ್ ಇರಬಹುದು, ನ್ಯಾಟ್ ಫೈಟರ್ ಇರಬಹುದು, ಎರಡನ್ನೂ ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್ ಇಲ್ಲೇ ಕಟ್ಟಿದೆ. ಗುಜರಿಯವರಿಗೆ ಎಲ್ಲವೂ ಎಚ್‌ಟಿ-2! (ನ್ಯಾಟ್‌ದು ಒಂದು ಮಜಾ ಇದೆ, ಹಾರುವಾಗಲೇ ಕಾಲನ್ನು ಸ್ವಲ್ಪ ಇಳಿಸಿ ಅದನ್ನೇ ವೇಗ ತಗ್ಗಿಸುವ ಏರ್‌ಬ್ರೇಕ್ ಆಗಿ ಬಳಸುತ್ತಿದ್ದರು.) ಪಾರ್ಟ್ ನಂಬರ್ ಪೇಂಟ್ ಕೆಳಗೆ ಒತ್ತಿರುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದ ಮುಟ್ಟಬೇಡಿ. ನಂಬರ್ ಸಿಗದಿದ್ದರೆ ಫೋಟೊ ತೆಗೆದುಕೊಂಡು ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ, ಅಲ್ಲಿ ನಿಂತಿರುವ ವಿಮಾನಗಳ ಜೊತೆ ಹೋಲಿಸಿ ನೋಡಿ.

ಏರ್ ಫೋರ್ಸ್ ನಿವೃತ್ತ: ಯೋಗ್ಯವೋ ಅಲ್ಲವೋ ಆಮೇಲೆ ನೋಡೋಣ, ಯಾರೂ ಸ್ಪ್ಯಾನರ್ ಹಾಕದ ಹಾಗೆ ಮೊದಲು ನೋಡಿಕೊಳ್ಳಿ. ಆ ಸ್ಟ್ರಟ್ (ಪಿಸ್ಟನ್ ಕೂತಿರುವ ಕಾಲಿನ ಕೊಳವೆ) ಒಳಗೆ ಎಣ್ಣೆ ಜೊತೆ ನೈಟ್ರೋಜನ್ ಅಥವಾ ಗಾಳಿ ತುಂಬಿರುತ್ತಾರೆ. ಪಿಸ್ಟನ್ ಅರ್ಧಕ್ಕೆ ನಿಂತಿದೆ ಅಂದರೆ ತುಕ್ಕಿಗೆ ಕಚ್ಚಿಕೊಂಡಿರಬಹುದು, ಅಥವಾ ಇಷ್ಟು ವರ್ಷ ಆದರೂ ಒಳಗೆ ಒತ್ತಡ ಉಳಿದಿರಬಹುದು. ಒತ್ತಡ ಇಳಿಸದೆ ಮೇಲಿನ ನಟ್ ಬಿಚ್ಚಿದರೆ ಆ ನಟ್ ಗುಂಡಿನ ಹಾಗೆ ಬರುತ್ತದೆ. ಗಾಲಿನೂ ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದಾದರೆ ಟೈರಿನ ಗಾಳಿ ಪೂರ್ತಿ ಬಿಟ್ಟ ಮೇಲೇ ಬೋಲ್ಟ್ ಮುಟ್ಟಬೇಕು. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಪುಡಿ ಉಸಿರಿಗೆ ಹೋದರೆ ಅಪಾಯ, ಏರ್ ಹೊಡೆದು ಕ್ಲೀನ್ ಮಾಡಬೇಡಿ.

ಪೀಣ್ಯದವನು: ಬಿಳಿ ಪುಡಿ ಅಂದ್ರಲ್ಲ, ಆ ಕಾಲದ ಗಾಲಿಗಳು ಎಷ್ಟೋ ಮೆಗ್ನೀಷಿಯಂ ಮಿಶ್ರಲೋಹದವು. ಪುಡಿ ಕೆರೆದ ಜಾಗದಲ್ಲಿ ಒಂದು ಹನಿ ವಿನೆಗರ್ ಬಿಡಿ. ತಕ್ಷಣ ನೊರೆ ಬಂದರೆ ಮೆಗ್ನೀಷಿಯಂ, ಅಲ್ಯೂಮಿನಿಯಂ ಆದರೆ ಸುಮ್ಮನಿರುತ್ತದೆ. ಮೆಗ್ನೀಷಿಯಂ ಆದರೆ ಗ್ರೈಂಡರ್ ಹಿಡಿಯಲೇಬೇಡಿ, ಅದರ ಪುಡಿಗೆ ಕಿಡಿ ತಾಗಿದರೆ ಉರಿಯುತ್ತದೆ, ನೀರು ಹಾಕಿದರೆ ಇನ್ನೂ ಜಾಸ್ತಿ.

ಇನ್ನು ಕಾಲು. ಹೊರಗಿನ ತುಕ್ಕು ನೋಡಿ ಹೆದರಬೇಡಿ, ಹೊರಗಿನ ಹೊಳಪು ನೋಡಿ ನಂಬಲೂಬೇಡಿ. ನೋಡಬೇಕಾದದ್ದು ಪಿಸ್ಟನ್ನಿನ ಕ್ರೋಮ್ ಲೇಪನ. ಬೆರಳಿನ ಉಗುರು ಓಡಿಸಿ, ಸೀಲ್ ಓಡಾಡುವ ಜಾಗದಲ್ಲಿ ಗುಳಿ ತಗುಲಿದರೆ ಹೊಸ ಸೀಲ್ ಹಾಕಿದರೂ ಎಣ್ಣೆ ಸೋರುತ್ತದೆ, ಕ್ರೋಮ್ ತೆಗೆದು ಮತ್ತೆ ಹಾಕಿಸಬೇಕಾಗುತ್ತದೆ. ಅಲ್ಲೇ ಖರ್ಚು ಏರುವುದು, ಯಾಕಂದ್ರೆ ಗಟ್ಟಿ ಉಕ್ಕಿಗೆ ಮಾಮೂಲಿ ಪ್ಲೇಟಿಂಗ್ ಅಂಗಡಿಯ ಕೆಲಸ ನಡೆಯುವುದಿಲ್ಲ: ಆಸಿಡ್‌ನಲ್ಲಿ ಅದ್ದಿದಾಗ, ಪ್ಲೇಟಿಂಗ್ ಮಾಡಿದಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಂಡು ಅದು ಗಾಜಿನ ಹಾಗೆ ಬಿರುಕು ಬಿಡುತ್ತದೆ, ಆದ್ದರಿಂದ ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಇಡೀ ದಿನದಷ್ಟು ಬೇಯಿಸಬೇಕು. ಇದನ್ನು ಕೇಳಿದ ತಕ್ಷಣ "ಅದೆಲ್ಲ ಬೇಡ ಸಾರ್" ಅನ್ನುವವರ ಹತ್ತಿರ ಕೊಡಬೇಡಿ. ತುಕ್ಕು ತೆಗೆಯಲು ಮನೆಯಲ್ಲಿ ಆಸಿಡ್ ಹಾಕುವುದೂ ಇದೇ ಕಾರಣಕ್ಕೆ ತಪ್ಪು.

ಬೋಲ್ಟು, ಪಿನ್ನುಗಳ ಮೇಲೆ ಮಂಕು ಬೂದಿ ಅಥವಾ ತೆಳು ಬಂಗಾರದ ಬಣ್ಣ ಕಂಡರೆ ಅದು ಕ್ಯಾಡ್ಮಿಯಂ ಲೇಪನ ಅಂತಲೇ ಇಟ್ಟುಕೊಳ್ಳಿ. ಅದರ ಪುಡಿ, ಹೊಗೆ ಎರಡೂ ವಿಷ.

ಅಲ್ಯೂಮಿನಿಯಂ ಫೋರ್ಜಿಂಗ್ (ಬಡಿದು ಮಾಡಿದ ಭಾಗ) ಇದ್ದರೆ ಬುಷ್ (ಒಳಬಳೆ) ಕೂರಿಸಿದ ತೂತಿನ ಸುತ್ತ ನೋಡಿ. ಲೋಹ ಹಾಳೆ ಹಾಳೆಯಾಗಿ ಎದ್ದಿದ್ದರೆ ನನ್ನ ಪ್ರಕಾರ ಅಲ್ಲಿಗೆ ಮುಗೀತು. ಎದ್ದಿಲ್ಲದಿದ್ದರೆ ಬಿರುಕಿನೊಳಗೆ ಇಳಿಯುವ ಬಣ್ಣದ ಡೈ ಪೆನಿಟ್ರಂಟ್ ಸ್ಪ್ರೇ ಹೊಡೆದು ಬಿರುಕು ಹುಡುಕಬಹುದು. ಉಕ್ಕಿನ ಭಾಗಕ್ಕೆ ಕಾಂತದಿಂದ ಬಿರುಕು ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಒಳ್ಳೆಯದು.

ಹಳೇ ಫಿಟ್ಟರ್: ಪೀಣ್ಯದವರು ಹೇಳಿದ್ದೆಲ್ಲ ಸರಿ. ಆದರೆ ಅಷ್ಟು ಖರ್ಚು ಯಾಕೆ ಅಂತ ಕೇಳಿಕೊಳ್ಳಬೇಕು ಅಲ್ವಾ? ಭಾಗದ ಬಳಕೆ ಬರೆದಿಡುವ ಲಾಗ್ ಕಾರ್ಡ್ ಇಲ್ಲ, ಎಷ್ಟು ಲ್ಯಾಂಡಿಂಗ್ ಆಗಿದೆ ಗೊತ್ತಿಲ್ಲ, ಅಂದ ಮೇಲೆ ಯಾವ ಇಂಜಿನಿಯರೂ ಅದನ್ನು ಹಾರುವ ವಿಮಾನಕ್ಕೆ ಹಾಕಿಸಿ ಸಹಿ ಮಾಡುವುದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್ ಬೆಂಗಳೂರಿಗೆ ತಂದು ಎಬ್ಬಿಸಿ ನಿಲ್ಲಿಸಿತು, 1968ರವರೆಗೆ ಹಾರಿದವು. ಆದರೆ ಅಲ್ಲಿ ಇಡೀ ಕಾರ್ಖಾನೆ ಇತ್ತು, ಬಿಡಿಭಾಗಕ್ಕೆ ಪಕ್ಕದಲ್ಲೇ ಇನ್ನೊಂದು ವಿಮಾನ ಇತ್ತು. ನಿಮ್ಮ ಹತ್ತಿರ ಒಂದೇ ಕಾಲು. ನೋಡಲಿಕ್ಕೆ ಇಡುವುದಾದರೆ ಕ್ರೋಮ್ ಗುಳಿ ಹಾಗೇ ಇರಲಿ, ಎಣ್ಣೆ ಖಾಲಿ ಮಾಡಿಸಿ, ಮೂಲ ಪೇಂಟು, ಸ್ಟೆನ್ಸಿಲ್ ಅಕ್ಷರ ಉಳಿಸಿ. ಮಿರಮಿರ ಹೊಳೆಯುವುದಕ್ಕಿಂತ ಅದಕ್ಕೇ ಬೆಲೆ ಜಾಸ್ತಿ.

ಪ್ರಶ್ನೆ ಕೇಳಿದವನು: ಹೋಗಿ ನೋಡಿ ಬಂದೆ. ಹಿಂಜ್ ಇದೆ, ಜಾಕ್ ಕಿವಿನೂ ಇದೆ. ವಿನೆಗರ್‌ಗೆ ಗಾಲಿ ಭರ್ಜರಿ ನೊರೆ ಬಿಟ್ಟಿತು. ಎಚ್‌ಟಿ-2 ಅಲ್ಲ ಅಂದಿದ್ದಕ್ಕೆ ಅಂಗಡಿಯವರು "ಹಂಗಾದ್ರೆ ಮಿಗ್ ಇರಬೇಕು" ಅಂತ ರೇಟು ಏರಿಸಿದ್ದಾರೆ.

ಪೀಣ್ಯದವನು: ಕೆ.ಜಿ. ಲೆಕ್ಕಕ್ಕೆ ಇಳಿಯೋವರೆಗೂ ಆ ಕಡೆ ಹೋಗಬೇಡಿ.